ಹತ್ತಿರ ಕೂತವರ ನಾಟಕ

(ಉಪನ್ಯಾಸದ ಬರಹ ರೂಪ)

64 ಹಸ್ತ ಉದ್ದ, 32 ಹಸ್ತ ಅಗಲ. ಮನುಷ್ಯರಿಗೆ ನಾಟಕ ತೋರಿಸುವ ಮಂಟಪ ಇದಕ್ಕಿಂತ ದೊಡ್ಡದಾಗಬಾರದು ಎನ್ನುತ್ತದೆ ನಾಟ್ಯಶಾಸ್ತ್ರದ ಎರಡನೇ ಅಧ್ಯಾಯ. ಹಸ್ತವೆಂದರೆ ಒಂದು ಮೊಳ, ಸುಮಾರು ಒಂದೂವರೆ ಅಡಿ. ಅಂದರೆ 96 ಅಡಿಗೆ 48 ಅಡಿ. ಅದರಲ್ಲಿ ಅರ್ಧ ರಂಗಕ್ಕೆ ಮತ್ತು ನಟರು ವೇಷ ಕಟ್ಟುವ ನೇಪಥ್ಯಕ್ಕೆ ಹೋಗಿ, ಉಳಿದರ್ಧ ನೋಡುವವರಿಗೆ. ಭರತ ಕಾರಣವನ್ನೂ ಕೊಟ್ಟಿದ್ದಾನೆ: ಮಂಟಪ ಹಿಗ್ಗಿದರೆ ಮಾತು ಸ್ವರಗೆಡುತ್ತದೆ, ಮುಖದ ಭಾವ ಮತ್ತು ಕಣ್ಣಿನ ನೋಟ ಕೂತವರಿಗೆ ಕಾಣದಂತಾಗುತ್ತವೆ. ದೂರ ಹೆಚ್ಚಾದಂತೆ ನಾಟಕದಲ್ಲಿ ಏನೇನು ಸೋರಿಹೋಗುತ್ತದೆ ಎಂಬ ಲೆಕ್ಕ ಇಷ್ಟು ಹಳೆಯದು.

ಇವತ್ತಿನ ವಿಷಯ ಆ ಲೆಕ್ಕವನ್ನು ಇನ್ನೊಂದು ತುದಿಯಿಂದ ಹಿಡಿಯುವುದು. ಎರಡು, ಮೂರು, ಹೆಚ್ಚೆಂದರೆ ನಾಲ್ಕು ಪಾತ್ರ. 50ರಿಂದ 120 ಜನ ಪ್ರೇಕ್ಷಕರು. ಒಂದು ಗಂಟೆಯಿಂದ ಒಂದೂವರೆ ಗಂಟೆ ಅವಧಿ, ನಡುವೆ ವಿರಾಮವಿಲ್ಲ. ಆಪ್ತ ರಂಗಭೂಮಿ ಎಂದು ನಾವು ಕರೆಯುವುದು ಹೆಚ್ಚುಕಡಿಮೆ ಇದನ್ನೇ. ಖರ್ಚು ಕಡಿಮೆ ಎಂಬ ಕಾರಣಕ್ಕೆ ಇದಕ್ಕೆ ಕೈಹಾಕುವವರು ಬಹಳ. ಖರ್ಚು ಕಡಿಮೆ ಎನ್ನುವುದು ನಿಜವೇ. ಆದರೆ ಇಪ್ಪತ್ತು ಜನರ ನಾಟಕದಿಂದ ಹದಿನೇಳು ಜನರನ್ನು ತೆಗೆದರೆ ಸಿಗುವುದು ಬಡಕಲು ನಾಟಕ ಮಾತ್ರ. ಈ ಪ್ರಕಾರದಲ್ಲಿ ಪ್ರೇಕ್ಷಕ ಮಾತಾಡುವವನನ್ನು ಕೇಳುತ್ತ, ನೋಡುವುದು ಮಾತ್ರ ಕೇಳಿಸಿಕೊಳ್ಳುತ್ತಿರುವವನನ್ನು. ಬರವಣಿಗೆ, ಕುರ್ಚಿ, ದೀಪ, ತಾಲೀಮು ಎಲ್ಲವನ್ನೂ ಈ ಒಂದು ಸಂಗತಿಗೆ ಹೊಂದಿಸಿಕೊಳ್ಳಬೇಕಾಗುತ್ತದೆ.

ಚರಿತ್ರೆಯನ್ನು ಬೇಗ ದಾಟಿಬಿಡೋಣ. ಕಡಿಮೆ ಪಾತ್ರಗಳು ಹೊಸ ಕಾಲದ ಕಂಡುಹಿಡಿತವೇನಲ್ಲ. ಸಂಸ್ಕೃತ ನಾಟಕದ ಹತ್ತು ಪ್ರಕಾರಗಳಾದ ದಶರೂಪಕಗಳಲ್ಲಿ ಭಾಣಕ್ಕೆ ಒಬ್ಬನೇ ನಟ, ವೀಥಿಗೆ ಒಬ್ಬ ಅಥವಾ ಇಬ್ಬರು. ಗ್ರೀಸಿನಲ್ಲಿ ಈಸ್ಕಿಲಸ್ ನಟರನ್ನು ಒಂದರಿಂದ ಎರಡಕ್ಕೆ ಏರಿಸಿದ, ಸೊಫೊಕ್ಲಿಸ್ ಮೂರನೆಯವನನ್ನು ತಂದ ಎಂದು ಅರಿಸ್ಟಾಟಲ್ ಬರೆದಿದ್ದಾನೆ. ನಾವು ಇಂದು ಮಾಡುವ ಬಗೆಯ ಬೇರು ಮಾತ್ರ ಸ್ವೀಡನ್ನಿನ ನಾಟಕಕಾರ ಸ್ಟ್ರಿಂಡ್‌ಬರ್ಗ್‌ನದು. 1888ರಲ್ಲಿ ಮೂರೇ ಪಾತ್ರಗಳ ‘ಮಿಸ್ ಜೂಲಿ’ಗೆ ಬರೆದ ಮುನ್ನುಡಿಯಲ್ಲಿ ಅವನು ಸಣ್ಣ ರಂಗ, ಸಣ್ಣ ಸಭಾಂಗಣ ಕೇಳಿದ. ಮುಖವನ್ನು ಕೆಳಗಿನಿಂದ ಬೆಳಗುವ ದೀಪಗಳನ್ನು ತೆಗೆಯಿರಿ ಎಂದ. ವಿರಾಮ ಬೇಡ, ಆ ಹೊತ್ತಿನಲ್ಲಿ ಪ್ರೇಕ್ಷಕ ನಾಟಕದ ಹಿಡಿತದಿಂದ ತಪ್ಪಿಸಿಕೊಳ್ಳುತ್ತಾನೆ ಎಂದ. 1906ರಲ್ಲಿ ಬರ್ಲಿನ್ನಿನಲ್ಲಿ ನಿರ್ದೇಶಕ ಮ್ಯಾಕ್ಸ್ ರೈನ್‌ಹಾರ್ಟ್ ದೊಡ್ಡ ಥಿಯೇಟರಿನ ಪಕ್ಕದಲ್ಲೇ ಒಂದು ಸಣ್ಣದನ್ನು ತೆರೆದ. ಮರುವರ್ಷ ಸ್ಟಾಕ್‌ಹೋಮಿನಲ್ಲಿ ಸ್ಟ್ರಿಂಡ್‌ಬರ್ಗ್ ಮತ್ತು ನಟ ಆಗಸ್ಟ್ ಫಾಲ್ಕ್ ಕೂಡಿ ‘ಇಂಟಿಮೇಟ್ ಥಿಯೇಟರ್’ ಶುರುಮಾಡಿದರು. ಅಲ್ಲಿದ್ದದ್ದು 161 ಆಸನ. ಅದಕ್ಕಾಗಿ ಬರೆದ ನಾಟಕಗಳಿಗೆ ಅವನಿಟ್ಟ ಹೆಸರು ‘ಚೇಂಬರ್ ಪ್ಲೇ’. ನಾಲ್ಕಾರು ವಾದ್ಯಗಳು ಕೋಣೆಯೊಳಗೆ ಕೂತು ನುಡಿಸುವ ಚೇಂಬರ್ ಸಂಗೀತದಿಂದ ಬಂದ ಮಾತು ಅದು.

ಒಂದು ಗೊಂದಲ ಇಲ್ಲೇ ಬಿಡಿಸಿಕೊಳ್ಳಬೇಕು. ಕಡಿಮೆ ಪಾತ್ರ ಎನ್ನುವುದು ಒಂದು, ಹತ್ತಿರ ಎನ್ನುವುದು ಇನ್ನೊಂದು. ಬಂಗಾಳಿ ನಾಟಕಕಾರ ಬಾದಲ್ ಸರ್ಕಾರ್ ‘ಅಂಗನಮಂಚ’ ಎಂಬ ತಮ್ಮ ಕೋಣೆ ರಂಗದಲ್ಲಿ ಪ್ರೇಕ್ಷಕರನ್ನು ನಟರ ನಡುವೆಯೇ ಕೂರಿಸಿದರು, ಆದರೆ ಅಲ್ಲಿ ಆಡುತ್ತಿದ್ದದ್ದು ಗುಂಪು. ಐರಿಷ್ ನಾಟಕಕಾರ ಬೆಕೆಟ್‌ನ ಎರಡು ಪಾತ್ರಗಳ ನಾಟಕಗಳನ್ನು ಸಾವಿರ ಜನರ ಥಿಯೇಟರಿನಲ್ಲೂ ಆಡುತ್ತಾರೆ. ಎರಡೂ ಕೂಡಿದಾಗ ಏನಾಗುತ್ತದೆ ಎಂಬುದಷ್ಟೇ ಈ ಹೊತ್ತಿನ ಮಾತು.

ಮೊದಲು ಬರವಣಿಗೆ. ಪಾತ್ರಗಳ ಸಂಖ್ಯೆಯನ್ನು ಎಣಿಸಬೇಡಿ, ಸಂಬಂಧಗಳನ್ನು ಎಣಿಸಿ. ಇಬ್ಬರಿದ್ದರೆ ಒಂದು ಸಂಬಂಧ, ಮೂವರಿದ್ದರೆ ಮೂರು, ನಾಲ್ವರಿದ್ದರೆ ಆರು, ಐವರಿದ್ದರೆ ಹತ್ತು. ಎಂಬತ್ತು ನಿಮಿಷದಲ್ಲಿ ಹತ್ತು ಸಂಬಂಧಗಳನ್ನು ಆಳಕ್ಕೆ ಒಯ್ಯುವುದು ಆಗದ ಮಾತು. ಐದನೇ ಪಾತ್ರ ಬಂತೆಂದರೆ ಒಂದಿಬ್ಬರು ಸುದ್ದಿ ತಲುಪಿಸುವ ಕೆಲಸಕ್ಕೆ ಇಳಿದಿರುತ್ತಾರೆ. ಮೂರು ನನ್ನ ಮಟ್ಟಿಗೆ ಅತ್ಯಂತ ಫಲವತ್ತಾದ ಸಂಖ್ಯೆ. ಇಬ್ಬರು ಮಾತಾಡುವಾಗ ಮೂರನೆಯವರು ಕೇಳುತ್ತಿರುತ್ತಾರೆ, ಆ ಕೇಳುವ ಜಾಗ ಒಬ್ಬರಿಂದ ಒಬ್ಬರಿಗೆ ದಾಟುತ್ತ ಹೋಗುತ್ತದೆ.

ಉದಾಹರಣೆಗೆ ಒಂದು ದೃಶ್ಯವನ್ನು ಕಟ್ಟಿಕೊಳ್ಳೋಣ. ತಾಯಿ ತೀರಿಹೋಗಿ ಹದಿನೈದು ದಿನ. ಅಕ್ಕ ಮತ್ತು ತಂಗಿ ಆಕೆಯ ಬಟ್ಟೆಬರೆ ಮಡಚಿ ಪೆಟ್ಟಿಗೆಗೆ ಹಾಕುತ್ತಿದ್ದಾರೆ. ಅಕ್ಕನ ಗಂಡ, ಅಂದರೆ ತಂಗಿಗೆ ಭಾವ, ಕುರ್ಚಿಯಲ್ಲಿ ಕೂತಿದ್ದಾನೆ. ತಾಯಿ ಬರೆದಿಟ್ಟ ಒಂದು ಕಾಗದವಿದೆ. ಮೂರು ಪಾತ್ರ, ಆದರೆ ನಾಟಕದಲ್ಲಿರುವುದು ನಾಲ್ವರು. ಸತ್ತ ತಾಯಿಯನ್ನೂ ಸೇರಿಸಿಕೊಂಡರೆ ಸಂಬಂಧ ಆರು. ಸಣ್ಣ ನಾಟಕಗಳಿಗೆ ಇಂಥ ‘ಇಲ್ಲದ’ ಪಾತ್ರ ಒಂದಿರುವುದು ಬಹುತೇಕ ಕಡ್ಡಾಯ. ಆದರೆ ಒಂದೇ ಸಾಕು. ಊರಿನ ಚಿಕ್ಕಪ್ಪ, ಹಳೆಯ ಗೆಳೆಯ, ಪಕ್ಕದ ಮನೆಯವರು ಎಂದು ಕಾಣದವರ ಹೆಸರು ಐದಾರು ಬಂದವೆಂದರೆ ಪ್ರೇಕ್ಷಕ ತಲೆಯೊಳಗೆ ವಂಶವೃಕ್ಷ ಬರೆಯುತ್ತ ಕೂರುತ್ತಾನೆ, ಎದುರಿಗಿರುವ ಮುಖವನ್ನು ಬಿಡುತ್ತಾನೆ.

ಕರಡು ಓದುವಾಗ ಕೇಳಬೇಕಾದ ಮೊದಲ ಪ್ರಶ್ನೆ: ಇವರು ಎದ್ದು ಯಾಕೆ ಹೋಗುತ್ತಿಲ್ಲ? ದೊಡ್ಡ ನಾಟಕದಲ್ಲಿ ಜಗಳವಾದರೆ ಒಬ್ಬ ಹೊರಹೋಗುತ್ತಾನೆ, ಇನ್ನೊಬ್ಬ ಬರುತ್ತಾನೆ. ಇಲ್ಲಿ ಆ ಅನುಕೂಲವಿಲ್ಲ. ಎರಡು ಪಾತ್ರದ ನಾಟಕಗಳಲ್ಲಿ ಕಾಣುವ ದೊಡ್ಡ ಬಿರುಕು ಇದೇ. ಇಪ್ಪತ್ತನೇ ನಿಮಿಷಕ್ಕೆ ಯಾರಾದರೂ ಸರಿ ಬಾಗಿಲು ತೆಗೆದು ಹೋಗಿಬಿಡಬೇಕಾದಂಥ ಮಾತು ಬಂದಿರುತ್ತದೆ, ಆದರೂ ಲೇಖಕ ಅವರನ್ನು ಕೂರಿಸಿರುತ್ತಾನೆ. ಫ್ರೆಂಚ್ ಲೇಖಕ ಸಾರ್ತ್ರ್ 1944ರಲ್ಲಿ ಪ್ಯಾರಿಸಿನಲ್ಲಿ ರಂಗಕ್ಕೆ ಬಂದ ತನ್ನ ‘ನೋ ಎಕ್ಸಿಟ್’ನಲ್ಲಿ ಈ ಪ್ರಶ್ನೆಯನ್ನೇ ನಾಟಕದ ತಿರುವಾಗಿಸಿದ. ಸತ್ತ ಮೂವರನ್ನು ಕೂಡಿಹಾಕಿದ ಕೋಣೆಯ ಬಾಗಿಲು ಒಂದು ಹಂತದಲ್ಲಿ ತೆರೆದುಕೊಳ್ಳುತ್ತದೆ, ಅವರಲ್ಲಿ ಒಬ್ಬರೂ ಹೋಗುವುದಿಲ್ಲ. ನಮ್ಮ ಅಕ್ಕ–ತಂಗಿಗೆ ಅಷ್ಟು ದೊಡ್ಡ ಉಪಾಯ ಬೇಡ, ಮುಗಿಯದ ಕೆಲಸ ಒಂದಿದ್ದರೆ ಸಾಕು. ಸಂಜೆಯೊಳಗೆ ಬಟ್ಟೆ ಮಡಚಿ ಮುಗಿಸಬೇಕು, ಪೆಟ್ಟಿಗೆ ಒಯ್ಯಲು ಜನ ಬರುತ್ತಾರೆ. ಕೈಕೆಲಸ ಅವರನ್ನು ಕಟ್ಟಿಹಾಕುತ್ತದೆ.

ಎರಡನೇ ಬಿರುಕು ಮಾಹಿತಿಯದು. ಇಬ್ಬರಿಗೂ ಗೊತ್ತಿರುವುದನ್ನು ಒಬ್ಬರು ಇನ್ನೊಬ್ಬರಿಗೆ ಹೇಳುವಂತಿಲ್ಲ. ‘ನಿನಗೇ ಗೊತ್ತಲ್ಲ, ಅಪ್ಪ ತೀರಿಕೊಂಡಾಗ ನೀನು ಆರನೇ ಕ್ಲಾಸು’ ಎಂಬ ಮಾತು ಇಪ್ಪತ್ತನೇ ಸಾಲಿನಲ್ಲಿ ಕೂತವನಿಗೆ ಹೇಗೋ ದಾಟಿಹೋಗುತ್ತದೆ, ಆರಡಿಯಲ್ಲಿ ಕೂತವನಿಗೆ ಕಿವಿಗೆ ಚುಚ್ಚುತ್ತದೆ. ಸುಲಭದ ದಾರಿ, ಒಂದೇ ಘಟನೆಯನ್ನು ಇಬ್ಬರೂ ಬೇರೆಬೇರೆಯಾಗಿ ನೆನಪಿಟ್ಟುಕೊಂಡಿರುವಂತೆ ಮಾಡುವುದು. ‘ಅವತ್ತು ನೀನು ಸ್ಕೂಲಿಗೆ ಹೋಗಿದ್ದೆ.’ ‘ಇಲ್ಲ, ಮನೇಲೇ ಇದ್ದೆ. ಬಾಗಿಲ ಹಿಂದೆ.’ ಮಾಹಿತಿಯೂ ಬಂತು, ಜಗಳವೂ ಹುಟ್ಟಿತು.

ಮೂರನೆಯದು ಫೋನು. ಪಾತ್ರ ಕಡಿಮೆ ಎಂದಕೂಡಲೇ ಎಲ್ಲರೂ ಫೋನಿನ ಮೊರೆಹೋಗುತ್ತಾರೆ. ಭಾಣದಲ್ಲೂ ಇದೇ ಇತ್ತು: ಒಂಟಿ ನಟ ಕಾಣದವನೊಡನೆ ಮಾತಾಡಿ, ‘ಏನೆನ್ನುತ್ತೀ?’ ಎಂದು ಅವನ ಮಾತನ್ನು ತಾನೇ ಮರುನುಡಿಯುತ್ತಿದ್ದ. ಅದಕ್ಕೆ ಆಕಾಶಭಾಷಿತ ಎನ್ನುತ್ತಾರೆ. ಅಲ್ಲಿ ಅದು ಒಪ್ಪಿತವಾದ ಸಂಪ್ರದಾಯ. ವಾಸ್ತವದ ಕೋಣೆಯಲ್ಲಿ ಹಾಗೆ ಮರುನುಡಿದರೆ ನಗು ಬರುತ್ತದೆ. ಫೋನ್ ಬೇಕೇ ಬೇಕೆಂದಾದರೆ ಆಚೆಯವರ ಮಾತನ್ನು ಪೂರ್ತಿ ಬರೆದುಕೊಳ್ಳಿ. ತಾಲೀಮಿನಲ್ಲಿ ಯಾರಾದರೂ ಅದನ್ನು ಗಟ್ಟಿಯಾಗಿ ಓದಲಿ. ಹತ್ತು ಹನ್ನೆರಡು ಸಲ ಆದಮೇಲೆ ಆ ದನಿಯನ್ನು ತೆಗೆಯಿರಿ. ಆಗ ನಟಿ ಕೊಡುವ ನಿಲುಗಡೆಗಳು ಒಂದು ಉದ್ದ, ಒಂದು ಗಿಡ್ಡವಾಗಿ ಬರುತ್ತವೆ, ನಡುವೆ ಮಾತು ತುಂಡಾಗುತ್ತದೆ. ಇದನ್ನು ಮಾಡದಿದ್ದರೆ ಪ್ರತಿ ಮಾತಿನ ನಂತರವೂ ಎರಡೇ ಸೆಕೆಂಡಿನ ಅಳೆದಿಟ್ಟ ಮೌನ. ಫೋನಿನಾಚೆ ಯಾರೂ ಇಲ್ಲವೆಂದು ಕೋಣೆಗೆಲ್ಲ ಗೊತ್ತಾಗಿಬಿಡುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಒಂದು ಆಸ್ತಿ ಪುಕ್ಕಟೆ ಸಿಕ್ಕಿದೆ, ನೀನು–ನೀವು. ಭಾವನಿಗೆ ಎಪ್ಪತ್ತು ನಿಮಿಷ ‘ನೀವು’ ಎನ್ನುತ್ತಿದ್ದ ತಂಗಿ ಒಂದೇ ಒಂದು ಸಲ ‘ನೀನು ಸುಮ್ನಿರು’ ಎಂದರೆ ತಟ್ಟೆ ಒಡೆಯುವ ಸದ್ದು ಬೇಕಾಗುವುದಿಲ್ಲ. ಅಕ್ಕ ತಂಗಿಗೆ ಇದ್ದಕ್ಕಿದ್ದಂತೆ ‘ತಾವು ಹೇಳಿದ ಮೇಲೆ ಆಯ್ತು ಬಿಡಿ’ ಎಂದರೆ ಕೋಣೆ ತಣ್ಣಗಾಗುತ್ತದೆ. ಇದನ್ನು ಎಲ್ಲಿ ಖರ್ಚು ಮಾಡುತ್ತೀರಿ ಎಂದು ಕರಡಿನಲ್ಲೇ ಗುರುತು ಹಾಕಿ. ನಟ ತಾಲೀಮಿನ ಹುರುಪಿನಲ್ಲಿ ಹತ್ತು ಪುಟ ಮೊದಲೇ ‘ನೀನು’ ಎಂದುಬಿಟ್ಟರೆ ಆ ಗಳಿಗೆ ಸತ್ತಹಾಗೆ.

ಈಗ ಜಾಗ. ಸುಮಾರು 35 ಅಡಿ ಚದರದ ಕೋಣೆ ಎಂದುಕೊಳ್ಳಿ. ನಟರಿಗೆ 16 ಅಡಿ ಅಗಲ, 14 ಅಡಿ ಆಳ. ಮೂರು ಕಡೆ ಪ್ರೇಕ್ಷಕರು. ಒಂದು ಕುರ್ಚಿಗೆ 22 ಅಂಗುಲ ಅಗಲ, ಸಾಲಿನಿಂದ ಸಾಲಿಗೆ 3 ಅಡಿ. ಪಕ್ಕದ ಎರಡು ಬದಿಗೆ ಏಳು ಕುರ್ಚಿಯ ಎರಡೆರಡು ಸಾಲು, ಎದುರಿಗೆ ನಾಲ್ಕು ಸಾಲು. ಎಲ್ಲ ಸೇರಿ 70 ಜನ ಕೂರುತ್ತಾರೆ. ಆಟದ ಅಂಚಿನಿಂದ ಮೊದಲ ಕುರ್ಚಿಗೆ 3 ಅಡಿ ಬಿಡಿ. ಕೂತವರ ಕಾಲು ಎರಡಡಿ ಮುಂದೆ ಚಾಚುತ್ತದೆ ಎಂಬುದನ್ನು ಎಲ್ಲರೂ ಮರೆಯುತ್ತಾರೆ, ಮೊದಲ ಪ್ರದರ್ಶನದಲ್ಲೇ ನಟ ಎಡವುತ್ತಾನೆ. ಕೊನೆಯ ಸಾಲಿನವರಿಂದ ರಂಗದ ಹಿಂಗೋಡೆಗೆ 30 ಅಡಿ ಮೀರುವುದಿಲ್ಲ. ಕಣ್ಣರೆಪ್ಪೆಯ ಬಡಿತ ಅಲ್ಲಿಯವರೆಗೆ ಹೋಗದಿದ್ದರೂ ನೋಟ ಎತ್ತ ತಿರುಗಿತು ಎಂಬುದು ಹೋಗುತ್ತದೆ. ಹೊರಗೆ ಹೋಗುವ ದಾರಿಗಳನ್ನು ಕುರ್ಚಿ ಹಾಕಿ ಮುಚ್ಚಬೇಡಿ. ಇನ್ನೂ ಆರು ಜನ ಕೂರಬಹುದಿತ್ತು ಎಂಬ ಆಸೆ ಪ್ರತಿ ತಂಡಕ್ಕೂ ಬರುತ್ತದೆ.

ಕುರ್ಚಿಯಲ್ಲಿ ಕೂತವನ ಕಣ್ಣು ನೆಲದಿಂದ ನಾಲ್ಕಡಿಗೆ ಸ್ವಲ್ಪ ಕೆಳಗಿರುತ್ತದೆ. ಎರಡನೇ ಸಾಲೂ ಅದೇ ಮಟ್ಟದಲ್ಲಿದ್ದರೆ ಅವರಿಗೆ ಕಾಣುವುದು ಮುಂದಿನವರ ತಲೆ. ನಟಿ ನೆಲದ ಮೇಲೆ ಕೂತು ಪೆಟ್ಟಿಗೆ ತೆರೆಯುವ ದೃಶ್ಯ ಮೊದಲ ಸಾಲಿನವರಿಗೆ ಮಾತ್ರ ನಡೆಯುತ್ತದೆ. ಹಿಂದಿನ ಸಾಲುಗಳನ್ನು 8ರಿಂದ 12 ಅಂಗುಲ ಏರಿಸುತ್ತ ಹೋಗಿ. ಏರಿಸಲು ಮರದ ಹಲಗೆಗಳಿಲ್ಲವೆಂದರೆ ಮೊದಲ ಸಾಲನ್ನು ನೆಲದ ಮೇಲೆ ಜಮಖಾನದಲ್ಲಿ, ಎರಡನೆಯದನ್ನು ಬೆಂಚಿನಲ್ಲಿ, ಮೂರನೆಯದನ್ನು ಎತ್ತರದ ಸ್ಟೂಲುಗಳಲ್ಲಿ ಕೂರಿಸಬಹುದು. ನೆಲದಲ್ಲಿ ಕೂತವರು ನಲವತ್ತು ನಿಮಿಷದ ಮೇಲೆ ಕಾಲು ಬದಲಿಸತೊಡಗುತ್ತಾರೆ, ಅಷ್ಟೂ ಸದ್ದು ಮುಂದಿನ ಸಾಲಿನಿಂದಲೇ ಬರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದುಕೊಳ್ಳಿ.

ಮೂರು ಬದಿಯ ರಂಗದಲ್ಲಿ ಇಬ್ಬರು ಎದುರುಬದುರು ಹತ್ತಿರ ನಿಂತರೆ ಒಬ್ಬರನ್ನೊಬ್ಬರು ಮರೆಮಾಡುತ್ತಾರೆ. ಐದಾರು ಅಡಿ ಬಿಟ್ಟು, ಮೂಲೆಯಿಂದ ಮೂಲೆಗೆ ಓರೆಯಾಗಿ ನಿಲ್ಲಿಸಿದರೆ ಪ್ರತಿ ಬದಿಗೂ ಒಂದು ಮುಖವಾದರೂ ಸಿಗುತ್ತದೆ. ಆ ಒಂದು ಮುಖ ಮಾತಾಡುವವನದೇ ಆಗಬೇಕಿಲ್ಲ. ಕೇಳುವವನ ಮುಖ ಸಿಕ್ಕ ಬದಿಯವರಿಗೇ ಹೆಚ್ಚು ದಕ್ಕಿರುತ್ತದೆ. ನಟ್ಟನಡುವೆ ಮೇಜು ಹಾಕುವುದು ದೊಡ್ಡ ಬಲೆ. ಅದು ಸೊಂಟದ ಕೆಳಗಿನ ದೇಹವನ್ನು ನುಂಗಿ, ನಟರನ್ನು ಕುರ್ಚಿಗೆ ಮೊಳೆ ಹೊಡೆದು ಕೂರಿಸುತ್ತದೆ. ಮೇಜು ಬೇಕಿದ್ದರೆ ಮೂಲೆಗೆ ಸರಿಸಿ. ಕುರ್ಚಿಗಳ ಬೆನ್ನು ಕಡ್ಡಿಕಡ್ಡಿಯಾಗಿ ತೆರೆದಿರಲಿ, ಹಿಂದೆ ಕೂತವರಿಗೆ ಬೆನ್ನುಹುರಿಯಾದರೂ ಕಾಣುತ್ತದೆ.

ಈಗ ಆ ದೃಶ್ಯಕ್ಕೇ ಹೋಗೋಣ. ಎಡ್ವರ್ಡ್ ಹಾಲ್ ಎಂಬ ಮಾನವಶಾಸ್ತ್ರಜ್ಞ 1960ರ ದಶಕದಲ್ಲಿ ಅಮೆರಿಕದ ಜನರನ್ನು ಗಮನಿಸಿ ದೂರಗಳನ್ನು ವಿಂಗಡಿಸಿದ್ದ: ಒಂದೂವರೆ ಅಡಿಯೊಳಗೆ ಆಪ್ತ, ಅಲ್ಲಿಂದ ನಾಲ್ಕಡಿವರೆಗೆ ಖಾಸಗಿ, ನಾಲ್ಕರಿಂದ ಹನ್ನೆರಡು ಸಾಮಾಜಿಕ, ಅದರಾಚೆ ಸಾರ್ವಜನಿಕ. ಬೇರೆ ಸಮಾಜಗಳಲ್ಲಿ ಅಂಕಿ ಬದಲಾಗುತ್ತದೆ, ಆದರೆ ಏಣಿ ಇದ್ದೇ ಇರುತ್ತದೆ. ಅಕ್ಕ–ತಂಗಿ ದೊಡ್ಡ ಬೆಡ್‌ಶೀಟ್ ಒಂದನ್ನು ಮಡಚುತ್ತಾರೆ. ಅದರ ಉದ್ದ 9 ಅಡಿ. ಎರಡು ತುದಿ ಹಿಡಿದು ನಿಂತಾಗ ಅವರ ನಡುವೆ 9 ಅಡಿ ಇರುತ್ತದೆ, ಇಬ್ಬರು ಪರಿಚಿತರು ನಿಂತು ಮಾತಾಡುವ ದೂರ. ಅಗಲಕ್ಕೆ ಒಮ್ಮೆ ಮಡಚಿ ಕೊಡವುತ್ತಾರೆ. ಆಮೇಲೆ ಒಬ್ಬರತ್ತ ಒಬ್ಬರು ನಡೆದುಬರಬೇಕು, ತುದಿಗಳನ್ನು ದಾಟಿಸುವಾಗ ಕೈಗೆ ಕೈ ತಾಕುತ್ತದೆ. ತಂಗಿ ಬಗ್ಗಿ ಕೆಳಗಿನ ಮಡಿಕೆ ಎತ್ತಿ ಹಿಂದೆ ಸರಿಯುತ್ತಾಳೆ: ಈಗ ನಾಲ್ಕೂವರೆ ಅಡಿ. ಮತ್ತೆ ಹತ್ತಿರ, ಮತ್ತೆ ತಾಕು, ಮತ್ತೆ ಹಿಂದೆ: ಎರಡೂಕಾಲು ಅಡಿ. ಕೊನೆಯ ಮಡಿಕೆಗೆ ಇಬ್ಬರ ಹಣೆ ಹೆಚ್ಚುಕಡಿಮೆ ತಾಕುವಷ್ಟು. ಮಾತಿನಲ್ಲಿ ಇಬ್ಬರೂ ದೂರವಾಗುತ್ತಿದ್ದಾರೆ, ಬಟ್ಟೆ ಅವರನ್ನು ಮೂರು ಸಲ ಎಳೆದು ಎದುರಿಗೆ ನಿಲ್ಲಿಸುತ್ತದೆ. ಎರಡನೇ ಸಲ ಅಕ್ಕ ಬೆರಳು ತಾಕದಂತೆ ತುದಿ ದಾಟಿಸಿದರೆ, ಆ ಅರ್ಧ ಅಂಗುಲ ಎಪ್ಪತ್ತು ಜನರಿಗೂ ಕಾಣುತ್ತದೆ. ಸಾವಿರ ಜನರ ಸಭಾಂಗಣದಲ್ಲಿ ಇದೇ ಸಂಗತಿಗೆ ಒಂದು ಸಂಭಾಷಣೆ ಬರೆಯಬೇಕಾಗುತ್ತಿತ್ತು.

ಇದಕ್ಕೆ ಲೆಕ್ಕ ಬೇಕು. ಒಂದು ಬೆಡ್‌ಶೀಟಿಗೆ ಇಬ್ಬರು ಸೇರಿ ಅರ್ಧ ನಿಮಿಷ. ಒಂದು ಅಂಗಿಗೆ ಒಬ್ಬರೇ ಆದರೆ ಹದಿನೈದು ಸೆಕೆಂಡು. ದೃಶ್ಯ ಹನ್ನೆರಡು ನಿಮಿಷವಿದ್ದು ಬಟ್ಟೆ ಇಪ್ಪತ್ತೇ ಇದ್ದರೆ ನಡುವಿನಲ್ಲೇ ರಾಶಿ ಖಾಲಿ, ನಟಿ ಮಡಚಿದ್ದನ್ನೇ ಬಿಚ್ಚಿ ಮಡಚುತ್ತಾಳೆ. ಮಾತಿಗೆ ಕೈ ನಿಲ್ಲುವ ಕಡೆಗಳನ್ನು ಕಳೆದು ಎಣಿಸಿ, ಮೇಲೆ ನಾಲ್ಕೈದು ಹೆಚ್ಚಿಗೆ ಇಡಿ. ಬಟ್ಟೆಗಳ ಅನುಕ್ರಮವನ್ನೂ ಬರೆದಿಡಬೇಕು: ಯಾವ ಮಾತಿನ ಹೊತ್ತಿಗೆ ಯಾವ ಅಂಗಿ ಕೈಯಲ್ಲಿರುತ್ತದೆ ಎಂದು. ಇದೇ ಪಟ್ಟಿ ಮುಂದೆ ಇನ್ನೊಂದು ಕೆಲಸಕ್ಕೆ ಬರುತ್ತದೆ, ಹೇಳುತ್ತೇನೆ.

ರಂಗಪರಿಕರಗಳಲ್ಲಿ ಸುಳ್ಳು ನಡೆಯುವುದಿಲ್ಲ. ಖಾಲಿ ಲೋಟವನ್ನು ತುಂಬಿದಂತೆ ಹಿಡಿಯಲು ಯಾವ ನಟನಿಗೂ ಆಗುವುದಿಲ್ಲ, ಮಣಿಕಟ್ಟು ಸುಳ್ಳು ಹೇಳಲು ಒಪ್ಪುವುದಿಲ್ಲ. ನೀರು ತುಂಬಿ, ಕುಡಿಯಲಿ. ಆದರೆ ನುಂಗಿದ ಮೇಲೆ ಒಂದು ಉಸಿರು ಬಿಟ್ಟು ಮುಂದಿನ ಮಾತು ಬರುವಂತೆ ಗುರುತು ಹಾಕಿಕೊಳ್ಳಿ. ತಾಯಿಯ ಕಾಗದ ಖಾಲಿ ಹಾಳೆಯಾಗಿರಕೂಡದು. ದೀಪದ ಎದುರು ಹಿಡಿದಾಗ ಹಿಂದಿನಿಂದ ಎಲ್ಲವೂ ಕಾಣುತ್ತದೆ. ನಿಜವಾದ ಕೈಬರಹದಲ್ಲಿ, ಪೂರ್ತಿಯಾಗಿ, ಎರಡು ಪುಟ ಬರೆಸಿ. ಗೋಡೆ ಗಡಿಯಾರವಿದ್ದರೆ ಒಂದೋ ನಿಂತಿರಲಿ, ಇಲ್ಲವೇ ನಾಟಕದ ಕಾಲ ಅದರ ಜೊತೆಗೇ ಓಡಲಿ. ಆರು ಗಂಟೆಯೆಂದು ಪಾತ್ರ ಹೇಳಿದಾಗ ಮುಳ್ಳು ಎಂಟರಲ್ಲಿದ್ದರೆ ಮುಂದಿನ ಹತ್ತು ನಿಮಿಷ ಪ್ರೇಕ್ಷಕರು ನೋಡುವುದು ಗಡಿಯಾರವನ್ನೇ. ಕೆನ್ನೆಗೆ ಹೊಡೆಯುವುದಂತೂ ಬೇಡ. ಹೊಡೆದಂತೆ ತೋರಿಸುವ ತಂತ್ರ ನಿಂತಿರುವುದೇ ಒಂದು ಕೋನದ ಮೇಲೆ. ಕೈ ಮತ್ತು ಕೆನ್ನೆಯ ನಡುವಿನ ಖಾಲಿ ಜಾಗ ಪಕ್ಕದ ಬದಿಯವರಿಗೆ ಢಾಳಾಗಿ ಕಾಣುತ್ತದೆ. ಕೈ ಎತ್ತಿ ನಿಲ್ಲಿಸಿದರೆ ಅದಕ್ಕಿಂತ ಭಯ ಹುಟ್ಟುತ್ತದೆ.

ಬೆಳಕಿನಲ್ಲಿ ಮುಖ್ಯ ತೊಂದರೆ ಚಾವಣಿಯ ಎತ್ತರ. ಹತ್ತೂವರೆ ಅಡಿಯ ಚಾವಣಿಯಿಂದ ದೀಪ ತೂಗಿದರೆ ನಟನ ಕಣ್ಣಿಗಿಂತ ಐದೂವರೆ ಅಡಿ ಮಾತ್ರ ಮೇಲಿರುತ್ತದೆ. ದೊಡ್ಡ ರಂಗದ ಅಭ್ಯಾಸದಂತೆ ಹನ್ನೆರಡು ಅಡಿ ದೂರದಿಂದ ಬಿಟ್ಟರೆ ಬೆಳಕು ಚಪ್ಪಟೆಯಾಗಿ ಬಂದು ನಟನನ್ನು ದಾಟಿ ಎದುರು ಬದಿಯವರ ಕಣ್ಣಿಗೇ ಹೊಡೆಯುತ್ತದೆ. ಅವರು ಎಂಬತ್ತು ನಿಮಿಷ ಕಣ್ಣು ಕಿರಿದಾಗಿಸಿಕೊಂಡು ಕೂರುತ್ತಾರೆ. ನಟನಿಂದ ನಾಲ್ಕೈದು ಅಡಿಯಲ್ಲೇ, ಕಡಿದಾದ ಕೋನದಲ್ಲಿ ಕಟ್ಟಿ. ಆಗ ಕಣ್ಣುಗುಳಿಯಲ್ಲಿ ನೆರಳು ಬೀಳುತ್ತದೆ, ಕೇಳುವವನ ಕಣ್ಣು ಕಾಣದಿದ್ದರೆ ನಮ್ಮ ನಾಟಕವೇ ಮುಗಿದಂತೆ. ಪರಿಹಾರ ಕೆಳಗಿದೆ: ತಿಳಿಬಣ್ಣದ ನೆಲಹಾಸು ಅಥವಾ ನಮ್ಮ ದೃಶ್ಯದಲ್ಲಾದರೆ ಆ ಬಿಳಿ ಬೆಡ್‌ಶೀಟೇ ಬೆಳಕನ್ನು ಮೇಲಕ್ಕೆ ಎರಚುತ್ತದೆ. ಎಂಟರಿಂದ ಹನ್ನೆರಡು ದೀಪ ಧಾರಾಳ. ಎಲ್‌ಇಡಿಯಾದರೆ ಎರಡು ಎಚ್ಚರ: ಒಳಗಿನ ಫ್ಯಾನಿನ ಗುಂಯ್‌ಗುಟ್ಟುವಿಕೆ ಮೌನದಲ್ಲಿ ಕೇಳುತ್ತದೆ, ಮತ್ತು ಅಗ್ಗದ ದೀಪಗಳು ಬೆಳಕು ತಗ್ಗಿಸುವ ಡಿಮ್ಮರಿನ ಕೊನೆಯ ಅಂಚಿನಲ್ಲಿ ಮೆಟ್ಟಿಲಿಳಿದಂತೆ ಕುಪ್ಪಳಿಸುತ್ತವೆ. ಅಂಥವನ್ನು 5% ತನಕ ನಿಧಾನ ಇಳಿಸಿ, ಅಲ್ಲಿಂದ ಒಮ್ಮೆಲೇ ಆರಿಸುವುದು ಮೇಲು.

ದನಿಯ ಬಗ್ಗೆ ಹರಡಿರುವ ತಪ್ಪು ತಿಳಿವಳಿಕೆ ಎಂದರೆ, ಹತ್ತಿರ ಇದ್ದಾರಲ್ಲ, ಪಿಸುಗುಟ್ಟಿದರೆ ಸಾಕು ಎಂಬುದು. ಪಿಸುಮಾತಿನಲ್ಲಿ ಗಂಟಲಿನ ತಂತು ಕಂಪಿಸುವುದಿಲ್ಲ, ಬರೀ ಗಾಳಿ. ಎರಡನೇ ಸಾಲಿಗೆ ತಲುಪುವುದು ಸಕಾರ ಶಕಾರಗಳಷ್ಟೇ. ಉಸಿರಿನ ಆಧಾರ ಪೂರ್ತಿ ಇಟ್ಟುಕೊಂಡು ಗಾತ್ರ ಮಾತ್ರ ತಗ್ಗಿಸುವುದು ಬೇರೆ ಸಾಧನೆ, ಅದಕ್ಕೆ ಕೂಗುವುದಕ್ಕಿಂತ ಹೆಚ್ಚು ಉಸಿರು ಬೇಕು. ಕನ್ನಡದಲ್ಲಿ ಇನ್ನೊಂದು ಅಪಾಯವಿದೆ. ನಮ್ಮ ವಾಕ್ಯದ ಜೀವ ಬಾಲದಲ್ಲಿರುತ್ತದೆ. ‘ನಾನು ಅವತ್ತು ಬರ್ತಾ ಇದ್ದೆ’, ‘ಬರ್ತಾ ಇದ್ರೆ’, ‘ಬರ್ತಾ ಇರ್ಲಿಲ್ಲ’: ಹೌದೋ ಅಲ್ಲವೋ, ಯಾರು, ಯಾವಾಗ ಎಲ್ಲವೂ ಕೊನೆಯ ಎರಡಕ್ಷರದಲ್ಲಿ. ಸಹಜವಾಗಿ ಆಡುತ್ತೇನೆಂದು ನಟ ವಾಕ್ಯದ ತುದಿಯನ್ನು ಎದೆಯೊಳಗೆ ನುಂಗಿದರೆ ಪ್ರೇಕ್ಷಕನಿಗೆ ವಿಷಯ ಸಿಗುತ್ತದೆ, ತೀರ್ಮಾನ ಸಿಗುವುದಿಲ್ಲ. ತಾಲೀಮಿನಲ್ಲಿ ಒಬ್ಬರನ್ನು ಕಣ್ಣುಮುಚ್ಚಿ ಕೊನೆಯ ಸಾಲಿನಲ್ಲಿ ಕೂರಿಸಿ, ತುದಿ ಕೇಳದ ವಾಕ್ಯಕ್ಕೆಲ್ಲ ಕೈ ಎತ್ತಲು ಹೇಳಿ. ಮೊದಲ ದಿನ ಕೈ ಇಳಿಯುವುದೇ ಇಲ್ಲ. ಗೋಡೆಗಳು ಬೋಳಾಗಿದ್ದರೆ ಒಂದು ಚಪ್ಪಾಳೆ ತಟ್ಟಿನೋಡಿ. ಝಣ್ಣೆಂದು ಬಾಲ ಉಳಿದರೆ ಒಂದು ಗೋಡೆಗೆ ದಪ್ಪ ಪರದೆ ಇಳಿಬಿಡಿ. ಫ್ಯಾನುಗಳನ್ನು ತಾಲೀಮಿನಲ್ಲೂ ಹಾಕಿಯೇ ಆಡಿ.

ಅಭಿನಯಕ್ಕೆ ಬಂದರೆ, ‘ಕ್ಯಾಮೆರಾ ಎದುರು ಆಡಿದಂತೆ ಸಣ್ಣದಾಗಿ ಆಡಿ’ ಎಂಬ ಸಲಹೆ ಅರ್ಧ ಮಾತ್ರ ಸರಿ. ಕ್ಯಾಮೆರಾ ಏನನ್ನು ನೋಡಬೇಕೆಂದು ತಾನೇ ಆರಿಸುತ್ತದೆ; ಭಾವನ ಮುಖ ಬೇಡವೆಂದರೆ ತೋರಿಸುವುದಿಲ್ಲ. ಇಲ್ಲಿ ಆಯ್ಕೆ ಎಪ್ಪತ್ತು ಜನರದು. ಹದಿನೈದು ನಿಮಿಷದಿಂದ ಸುಮ್ಮನೆ ಕೂತ ಭಾವನನ್ನು ಯಾವ ಕ್ಷಣದಲ್ಲೂ ಇಪ್ಪತ್ತು ಜನ ನೋಡುತ್ತಿರುತ್ತಾರೆ. ಅವನು ತಲೆಯಾಡಿಸಿ, ಹುಬ್ಬೇರಿಸಿ ‘ಕೇಳುತ್ತಿದ್ದೇನೆ’ ಎಂದು ತೋರಿಸತೊಡಗಿದರೆ ಕೆಟ್ಟಿತು. ತನ್ನ ಮುಂದಿನ ಮಾತಿಗೆ ಕಾಯುತ್ತಿದ್ದರೆ ಅದೂ ಕಾಣುತ್ತದೆ. ಇದಕ್ಕೊಂದು ಅಭ್ಯಾಸವಿದೆ. ಕೇಳುವವನ ದೇಹದಲ್ಲಿ ಏನಾದರೂ ಬದಲಾಗುವವರೆಗೆ, ಉಸಿರಾದರೂ ಸರಿ, ಮಾತಾಡುವವಳು ಮುಂದಿನ ವಾಕ್ಯ ಹೇಳುವಂತಿಲ್ಲ. ಹತ್ತು ನಿಮಿಷದ ದೃಶ್ಯ ಇಪ್ಪತ್ತೈದು ನಿಮಿಷವಾಗುತ್ತದೆ. ಆಗಲಿ. ಒಂದು ವಾರದ ನಂತರ ಮೊದಲಿನ ವೇಗಕ್ಕೆ ತಂದಾಗ ಯಾವ ಮಾತಿಗೆ ಯಾರೂ ಬದಲಾಗಿರಲಿಲ್ಲವೋ ಅವನ್ನು ಕತ್ತರಿಸಬಹುದು. ಇದಕ್ಕಿಂತ ಒಳ್ಳೆಯ ಕತ್ತರಿ ಸಿಗುವುದಿಲ್ಲ.

ನೆನಪಿನ ತೊಂದರೆ ಈ ಪ್ರಕಾರದ್ದೇ ಆದ ಕಾಯಿಲೆ. ರಂಗದ ಪಕ್ಕದ ಮರೆಯಲ್ಲಿ, ಅಂದರೆ ವಿಂಗಿನಲ್ಲಿ, ನಿಂತು ನಾಟಕದ ಪ್ರತಿ ನೋಡಿಕೊಳ್ಳುವ ಬಿಡುವಿಲ್ಲ, ಮರೆತ ಮಾತನ್ನು ಪ್ರಾಂಪ್ಟ್ ಮಾಡುವವರು ನಿಲ್ಲಲು ವಿಂಗೇ ಇಲ್ಲ. ಅತಿ ಅಪಾಯಕಾರಿಯಾದದ್ದು ಒಂದೇ ಕ್ಯೂ, ಅಂದರೆ ಮುಂದಿನವರ ಮಾತಿಗೆ ಸೂಚನೆಯಾಗುವ ಮಾತು, ಎರಡು ಕಡೆ ಬರುವುದು. ‘ಅದಕ್ಕೇನೀಗ?’ ಎಂಬ ಮಾತು 12ನೇ ಪುಟದಲ್ಲೂ 38ನೇ ಪುಟದಲ್ಲೂ ಇದ್ದರೆ ಒಂದಲ್ಲ ಒಂದು ದಿನ ನಾಟಕ ಇಪ್ಪತ್ತಾರು ಪುಟ ಹಾರುತ್ತದೆ, ಅಥವಾ ಇನ್ನೂ ಕೆಟ್ಟದ್ದು, ಹಿಂದಕ್ಕೆ ಹೋಗಿ ಸುತ್ತತೊಡಗುತ್ತದೆ. ಪ್ರತಿಯನ್ನು ಹಿಡಿದು ಒಂದೇ ಥರದ ಕ್ಯೂಗಳನ್ನೆಲ್ಲ ಹುಡುಕಿ, ಒಂದರಲ್ಲಿ ಪದ ಬದಲಿಸಿ, ಇಲ್ಲವೇ ಒಂದು ಕ್ರಿಯೆ ಜೋಡಿಸಿ. ಬಟ್ಟೆಯ ಪಟ್ಟಿ ಕೆಲಸಕ್ಕೆ ಬರುವುದು ಇಲ್ಲಿ. ಕೈಯಲ್ಲಿ ಹಸಿರು ಅಂಗಿಯಿದ್ದರೆ ಕಾಗದದ ವಿಷಯ ಇನ್ನೂ ಬಂದಿಲ್ಲ ಎಂದು ಇಬ್ಬರಿಗೂ ಗೊತ್ತಿರುತ್ತದೆ. ಪ್ರದರ್ಶನಕ್ಕೆ ಮೊದಲು ಭಾವವಿಲ್ಲದೆ, ದಡಬಡನೆ, ಮಾತಷ್ಟನ್ನೇ ಓಡಿಸುವ ಒಂದು ಓಟ ಮಾಡಿ. ನಾಲಿಗೆ ತೊಡರಿದ ಜಾಗಗಳೇ ರಾತ್ರಿ ಕೈಕೊಡುವವು.

ತಾಲೀಮಿಗೆ ಆರರಿಂದ ಎಂಟು ವಾರ. ನಾಲ್ಕನೇ ವಾರದಿಂದಲೇ ಮೊದಲ ಸಾಲಿನಲ್ಲಿ ನಾಲ್ಕೈದು ಹೊಸಬರನ್ನು ಕೂರಿಸಿ. ಅಪರಿಚಿತರ ಮೊಣಕಾಲು ಮೂರಡಿಯಲ್ಲಿರುವಾಗ ಆಡುವುದನ್ನು ನಟ ಮೊದಲ ಪ್ರದರ್ಶನದಲ್ಲೇ ಕಲಿಯುವಂತಾಗಬಾರದು. ನಟರು ಪ್ರೇಕ್ಷಕರ ಕಣ್ಣನ್ನು ನೋಡುತ್ತಾರೋ ಇಲ್ಲವೋ ಎಂಬ ನಿಯಮವನ್ನು ಆಗಲೇ ಗಟ್ಟಿ ಮಾಡಿ. ಮೂವರಲ್ಲಿ ಒಬ್ಬರು ನೋಡಿ ಇಬ್ಬರು ನೋಡದಿದ್ದರೆ ನೋಡಿದವರು ಪಾತ್ರದಿಂದ ಹೊರಬಿದ್ದಂತೆ ಕಾಣುತ್ತದೆ.

ಪ್ರದರ್ಶನದ ದಿನ ಎಪ್ಪತ್ತು ಕುರ್ಚಿಯಲ್ಲಿ ಐವತ್ತೈದನ್ನೇ ಹಾಕಿ, ಉಳಿದವನ್ನು ಗೋಡೆಗೆ ಒರಗಿಸಿಡಿ. ಜನ ಬಂದಂತೆ ಸೇರಿಸಬಹುದು. ಮೊದಲ ಸಾಲಿನಲ್ಲಿ ಖಾಲಿ ಕುರ್ಚಿ ನಾಲ್ಕಿದ್ದರೆ ಎದುರು ಬದಿಯವರ ಕಣ್ಣು ಅಲ್ಲಿಗೇ ಹೋಗುತ್ತದೆ. ತಡವಾಗಿ ಬರುವವರ ದಾರಿ ರಂಗವನ್ನು ಹಾಯುವಂತಿದ್ದರೆ ಬಾಗಿಲು ಮುಚ್ಚುವುದೇ ದಾರಿ, ಅದನ್ನು ಟಿಕೆಟ್ಟಿನ ಮೇಲೇ ಅಚ್ಚು ಹಾಕಿಸಿ.

ಕೊನೆಯ ದೀಪ ಆರಿದ ಮೇಲೆ ನಟರು ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ಹೆಚ್ಚಿನ ತಂಡಗಳು ಯೋಚಿಸಿರುವುದೇ ಇಲ್ಲ. ಪರದೆಯಿಲ್ಲ, ವಿಂಗಿಲ್ಲ. ಪೂರ್ಣ ಕತ್ತಲು ನಾಲ್ಕು ಸೆಕೆಂಡು ಮೀರಿದರೆ ಕಾಲ್ಸದ್ದು, ಕುರ್ಚಿ ಕಿರುಗುಟ್ಟುವುದು ಕೇಳಿಸುತ್ತದೆ. ಅವರು ಇದ್ದಲ್ಲೇ ಇರಲಿ. ಪ್ರೇಕ್ಷಕರ ಕಡೆಯ ದೀಪ ಮೊದಲು ಮೂರನೇ ಒಂದರಷ್ಟು ಏರಲಿ, ಆಮೇಲೆ ರಂಗದ್ದು, ಆಮೇಲೆ ಒಂದೇ ಸಲ ನಮಸ್ಕಾರ. ಹೊರಹೋಗುವ ಜನ ಆ ಪೆಟ್ಟಿಗೆಯ ಪಕ್ಕದಿಂದಲೇ ಹಾದುಹೋಗಬೇಕಾಗುತ್ತದೆ. ಕೆಲವರು ನಿಂತು ಮಡಚಿಟ್ಟ ಬಟ್ಟೆ ನೋಡುತ್ತಾರೆ. ಯಾರೋ ಒಬ್ಬರು ಕಾಗದ ಕೈಗೆತ್ತಿಕೊಂಡು ಓದತೊಡಗುತ್ತಾರೆ, ರಂಗನಿರ್ವಾಹಕರು ಬಂದು ಇಸಿದುಕೊಳ್ಳುವಷ್ಟರಲ್ಲಿ ಎರಡನೇ ಪುಟಕ್ಕೆ ಹೋಗಿರುತ್ತಾರೆ.